ಎಂಜಿನಿನ ಗಂಟಲಲ್ಲಿ ಐಸು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೇಪುಳಪದವಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕುಳಿತಿದೆಯೆಂದರೆ, ಕೂಗಳತೆಯಲ್ಲಿರುವ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬವೂ ಕಾಣುವುದಿಲ್ಲ. ಪೆರಾಬೆಯ ಕಡೆಯಿಂದ ರಬ್ಬರ್ ಮರಗಳ ನಡುವೆ ಏರಿ ಬರುವ ಮಣ್ಣಿನ ದಾರಿ ಇಲ್ಲಿಗೆ ಮುಗಿಯುತ್ತದೆ. ಮುಂದಿರುವುದು ಬರೀ ಕೆಂಪು ಮುರಕಲ್ಲಿನ ಬಯಲು, ಈ ಕಡೆಯವರ ಮಾತಿನಲ್ಲಿ ಪದವು, ಅದರ ತುದಿಯಲ್ಲಿ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಎರಡೇ ಸೀಟಿನ ಪುಟ್ಟ ವಿಮಾನ. ರೆಕ್ಕೆಯ ಅಡಿಯಲ್ಲಿ ಲುಂಗಿ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕುಳಿತವರು ಹಕೀಮ್.

ಟ್ಯಾಂಕಿನ ಅಡಿಯ ಸಣ್ಣ ನಳ್ಳಿ ಒತ್ತಿ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟ್ಲಿಗೆ ಹಿಡಿಯುತ್ತಾರೆ. ಬಾಟ್ಲಿಯನ್ನು ಟಾರ್ಚಿನ ಎದುರು ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಪೆಟ್ರೋಲಿಗೆ ನೀರು ಬಿದ್ದಿದ್ದರೆ ಅದು ತಳದಲ್ಲಿ ಗುಂಡಗೆ ಬೇರೆಯಾಗಿ ಕೂತು ತನ್ನನ್ನು ತಾನೇ ತೋರಿಸಿಕೊಡುತ್ತದೆ. ಇವತ್ತು ತಳ ಸ್ವಚ್ಛ. ಹಕೀಮ್ ಬಾಟ್ಲಿಯನ್ನು ಇನ್ನೊಂದು ಸಲ ತಿರುಗಿಸಿ ನೋಡುತ್ತಾರೆ.

“ನೀರು ಇಲ್ಲ,” ಎನ್ನುತ್ತಾರೆ, ದೊಡ್ಡ ಸ್ವರದಲ್ಲಿ.

ಬರೆಯಲು ಬಂದವರನ್ನು ಬಿಟ್ಟರೆ ಕೇಳುವವರು ಶೆಡ್ಡಿನಲ್ಲಿ ಯಾರೂ ಇಲ್ಲ. ವಿಮಾನದವರ ನಿಯಮದಲ್ಲಿ ಪೆಟ್ರೋಲು ನೋಡಬೇಕು ಅಂತ ಉಂಟು, ಹೀಗೆ ಕೂಗಿ ಹೇಳಬೇಕು ಅಂತ ಇಲ್ಲ. ಮತ್ತೆ ಯಾಕೆ ಹೇಳುವುದು ಎಂದು ಕೇಳಿದರೆ ಹಕೀಮ್ ಬಾಟ್ಲಿ ಒರೆಸಿ ಮೊಳೆಗೆ ತೂಗುಹಾಕಿ, “ಚಾ ಕುಡಿಯುವ ಬನ್ನಿ,” ಎಂದು ಮಾತು ತಿರುಗಿಸುತ್ತಾರೆ.

ಕಡಬ ಪೇಟೆಯಿಂದ ಸ್ವಲ್ಪ ಇಳಿದರೆ ಹಕೀಮರ ಗ್ಯಾರೇಜು. ಹಳ್ಳಿಗಳಿಗೆ ಜನ ಸಾಗಿಸುವ ಜೀಪುಗಳ ಗೇರು, ಬ್ರೇಕು, ಕ್ಲಚ್ಚು ಎಲ್ಲ ಈ ಕೈಯಲ್ಲೇ ರಿಪೇರಿ. ಮಳೆಗಾಲ ಬಂತೆಂದರೆ ಅಡಿಕೆಗೆ ಮದ್ದು ಬಿಡುವ ಪಂಪಿನ ಎಂಜಿನುಗಳು ಅಂಗಳದಲ್ಲಿ ಸಾಲು ಹಿಡಿಯುತ್ತವೆ. ಮಳೆ ನಿಂತ ಮೇಲೆ ಹುಲ್ಲು ಕೊಚ್ಚುವ ಯಂತ್ರಗಳ ಸರದಿ. ಸಣ್ಣವರಿಗೆಲ್ಲ ಅವರು ‘ಹಕೀಮಾಕ’. ಅರುವತ್ತರ ಹತ್ತಿರದ ವಯಸ್ಸು, ಕನ್ನಡಕದ ಒಂದು ಕಾಲಿಗೆ ತಾಮ್ರದ ತಂತಿ. ಸ್ಪ್ಯಾನರು ಎಲ್ಲಿ ಬಿತ್ತು ಎಂದು ಸದ್ದಿನಲ್ಲೇ ಹೇಳಿಯಾರು, ಹಣೆಯ ಮೇಲಿರುವ ಕನ್ನಡಕ ಮಾತ್ರ ದಿನಕ್ಕೆ ಎರಡು ಸಲವಾದರೂ ಕಳೆದುಹೋಗಲೇಬೇಕು! ಇಂಥ ಮನುಷ್ಯ ವಿಮಾನದ ಎಂಜಿನ್ ಕಾಯುತ್ತಾರೆಂದು ಪೇಟೆಯ ಅರ್ಧ ಜನಕ್ಕೆ ಇವತ್ತಿಗೂ ಗೊತ್ತಿಲ್ಲ.

ಪದವಿನಲ್ಲಿ ವಿಮಾನ ಹೇಗೆ ಬಂತು ಎಂಬುದಕ್ಕೆ ಉತ್ತರ ಸೆಬಾಸ್ಟ್ಯನ್. ನೆಲ್ಯಾಡಿಯ ಕಡೆಯ ರಬ್ಬರ್ ತೋಟದ ಯಜಮಾನರು, ಹಾರುವ ಹುಚ್ಚಿನವರು. ತೋಟದ ತಲೆಯ ಮೇಲಿದ್ದ ಈ ಬಯಲನ್ನು ಸಮ ಮಾಡಿಸಿ, ಪರವಾನಗಿ ತೆಗೆದು, ವಿಮಾನ ತಂದರು. ದೊಡ್ಡ ರಿಪೇರಿಗೆ, ರುಜು ಹಾಕುವುದಕ್ಕೆ ಬೆಂಗಳೂರಿನಿಂದ ಎಂಜಿನಿಯರು ಬರುತ್ತಾರೆ. ದಿನನಿತ್ಯದ ತೊಳೆಯುವುದು, ನೋಡುವುದು, ಕಾಯುವುದಕ್ಕೆ ಸೆಬಾಸ್ಟ್ಯನ್ ಕರೆದದ್ದು ಹಕೀಮರನ್ನು. ಈಗ ಸೆಬಾಸ್ಟ್ಯನ್ ಹಾರುವುದು ಬಿಟ್ಟಿದ್ದಾರೆ. ವಿಮಾನ ನಡೆಸುವವರು ಪುತ್ತೂರಿನ ಅಕ್ಷಿತಾ. ಅವರು ತರಬೇತಿ ಕೊಡುವ ಪೈಲಟ್. ಶನಿವಾರ, ಆದಿತ್ಯವಾರ ಬಂದು ಕಲಿಯುವವರಿಗೆ ಪಾಠ ಹೇಳುತ್ತಾರೆ.

ಅಕ್ಷಿತಾ ಪುತ್ತೂರು ಬಿಡುವ ಮೊದಲು ಪದವಿನ ಹವೆ ಹೇಳುವುದು ಹಕೀಮರ ಕೆಲಸ. ಎದುರು ಗುಡ್ಡೆಯ ಮೊಬೈಲ್ ಟವರು ಕಾಣುತ್ತದೋ ಇಲ್ಲವೋ, ಮೋಡ ಟವರಿಗಿಂತ ಮೇಲೋ ಕೆಳಗೋ, ಗಾಳಿಚೀಲ ತುಂಬಿದೆಯೋ ಜೋತುಬಿದ್ದಿದೆಯೋ. ಗಾಳಿಯನ್ನು ಅದು ಬರುವ ದಿಕ್ಕಿನಿಂದ ಹೇಳಬೇಕು, ಹೋಗುವ ದಿಕ್ಕಿನಿಂದ ಅಲ್ಲ ಎಂಬುದನ್ನು ಕಲಿಯಲು ಅವರಿಗೆ ಒಂದು ತಿಂಗಳು ಬೇಕಾಯಿತಂತೆ. ವಿಮಾನದ ಮಾತುಗಳನ್ನೆಲ್ಲ ಅವರು ಕಲಿತದ್ದು ಹೀಗೆಯೇ, ನೆಲದಲ್ಲಿ ನಿಂತು, ಕಿವಿಯಲ್ಲಿ ಕೇಳಿ.

“ಸ್ಪೀಡಿನಲ್ಲಿ ಎರಡು ಉಂಟು ಮಾರಾಯ್ರೆ,” ಎಂದು ಚಾದ ಲೋಟ ಕೆಳಗಿಟ್ಟು ವಿವರಿಸುತ್ತಾರೆ. “ನೆಲದ ಲೆಕ್ಕದ್ದು ಒಂದು, ಗಾಳಿಯ ಲೆಕ್ಕದ್ದು ಒಂದು. ಹೊಳೆಯಲ್ಲಿ ನೀರಿಗೆ ಎದುರು ಈಜಿದ ಹಾಗೆ. ಕೈಕಾಲು ಬಡಿಯುದು ಜೋರೇ, ದಡದಲ್ಲಿ ನಿಂತವನಿಗೆ ಇವ ಇದ್ದಲ್ಲೇ ಇದ್ದ ಹಾಗೆ ಕಾಣ್ತದೆ. ರೆಕ್ಕೆಗೆ ಬೇಕಾದ್ದು ಗಾಳಿಯ ಲೆಕ್ಕ. ಅದು ಏರ್‌ಸ್ಪೀಡು. ಪಾಠ ಅಕ್ಷಿತಮ್ಮನದ್ದು, ಹೊಳೆ ಮಾತ್ರ ನನ್ನದು.”

‘ಸ್ಟಾಲ್’ ಎಂಬ ಮಾತು ಅವರನ್ನು ಬಹಳ ದಿನ ಕಾಡಿಸಿತು. ಗ್ಯಾರೇಜಿನಲ್ಲಿ ಸ್ಟಾಲ್ ಆಯಿತು ಎಂದರೆ ಎಂಜಿನ್ ನಿಂತಿತು ಎಂದು ಅರ್ಥ. ಆಕಾಶದಲ್ಲಿ ಹಾಗಲ್ಲ. ಮೂತಿ ಅತಿಯಾಗಿ ಎತ್ತಿ ಏರ್‌ಸ್ಪೀಡ್ ಕಳೆದುಕೊಂಡರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ. ಅದು ಸ್ಟಾಲ್. ಎಂಜಿನ್ ಪಾಪ, ತನ್ನಷ್ಟಕ್ಕೆ ಓಡುತ್ತಲೇ ಇರುತ್ತದೆ. ಮೊದಲ ದಿನ ಅಕ್ಷಿತಾ ಫೋನಿನಲ್ಲಿ, “ಇವತ್ತು ಸ್ಟಾಲ್ ಪಾಠ ಉಂಟು ಹಕೀಮಾಕ,” ಎಂದದ್ದೇ ತಡ, ಇವರು ಟೂಲ್ ಬಾಕ್ಸ್ ಹಿಡಿದು ಪದವಿನ ನಡುವೆ ಓಡಿ ನಿಂತಿದ್ದರು. ಇದನ್ನು ಹೇಳುವಾಗ ಹಕೀಮ್ ಹೊಟ್ಟೆ ಹಿಡಿದು ನಗುತ್ತಾರೆ.

ಎಂಜಿನಿನ ಶಕ್ತಿಯ ಮಾತು ಬಂದಾಗ ಆ ನಗು ಇರುವುದಿಲ್ಲ. “ಜೀಪಿನಲ್ಲಿ ಪವರ್ ಇಳಿದ್ರೆ ಕಾಲಿಗೆ ಗೊತ್ತಾಗ್ತದೆ. ಇಲ್ಲಿ ಮುಳ್ಳು ಹೇಳುದು. ಪವರ್ ಏರಿಸುವ ಇಳಿಸುವ ಥ್ರಾಟಲ್ ಮುಟ್ಟಲೇ ಇಲ್ಲ, ಆದ್ರೂ ಆರ್‌ಪಿಎಮ್ಮಿನ ಮುಳ್ಳು ಮೆಲ್ಲ ಕೆಳಗೆ ಬಂತು ಅಂದ್ರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಗಂಟಲಲ್ಲಿ ಎಂತದೋ ಕಟ್ತಾ ಉಂಟು ಅಂತ ಲೆಕ್ಕ.” ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸುತ್ತಾರೆ. “ಇದು ನನಗೆ ಆಗ ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತುಂಟು ಅಂತ ಮಾತಾಡಿದೆ ಅಲ್ವಾ, ಅದು ತಪ್ಪು.”

ಆರು ವರ್ಷ ಹಿಂದಿನ ಡಿಸೆಂಬರ್. ಆಗ ಪದವಿಗೆ ಪೆಟ್ರೋಲು ತರುತ್ತಿದ್ದವರು ಡೊಂಬಯ್ಯ. ಕಡಬದ ಸ್ಟ್ಯಾಂಡಿನಲ್ಲಿ ಜೀಪು ಇಟ್ಟುಕೊಂಡಿದ್ದ, ವಯಸ್ಸಿನಲ್ಲಿ ಹಕೀಮರಿಗಿಂತ ಸ್ವಲ್ಪ ದೊಡ್ಡ ಮನುಷ್ಯ. ಮಾತು ಕಡಿಮೆ, ಸಿಟ್ಟು ಅದಕ್ಕಿಂತಲೂ ಕಡಿಮೆ. ಹಕೀಮ್ ಗ್ಯಾರೇಜು ತೆರೆದ ದಿನ ಯಾರೂ ಬಾರದಿದ್ದಾಗ, ಏನೂ ಹಾಳಾಗದ ಜೀಪನ್ನು ತಂದು ನಿಲ್ಲಿಸಿ, “ಎಂತಾದ್ರೂ ಒಂದು ಬಿಚ್ಚು ಮಾರಾಯ, ನೋಡುವವರಿಗೆ ಕೆಲಸ ಉಂಟು ಅಂತ ಕಾಣ್ಲಿ,” ಎಂದವರು. ಅಂಥ ಸ್ನೇಹ. ಪೆಟ್ರೋಲಿನ ಕ್ಯಾನುಗಳನ್ನು ಅವರು ಬೇರೆ ಯಾವುದಕ್ಕೂ ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ತುಳುಕಬಾರದೆಂದು ಆ ಕ್ಯಾನುಗಳ ಮುಚ್ಚಳಕ್ಕೆ ಹಳೆಯ ಟ್ಯೂಬು ಕತ್ತರಿಸಿ ವಾಷರ್ ಹಾಕಿಕೊಟ್ಟವರು ಹಕೀಮ್.

ಆ ಚಳಿಗಾಲದಲ್ಲಿ ಸೆಬಾಸ್ಟ್ಯನ್ ಎರಡು ಮೂರು ಸಲ ಹೇಳಿದ್ದರು, ಮಂಜಿನ ಬೆಳಗ್ಗೆ ಎಂಜಿನ್ ಕೆಮ್ಮುತ್ತದೆ ಎಂದು. ಹಕೀಮ್ ಪ್ಲಗ್ಗು ತೆಗೆದು ನೋಡಿದರು, ಫಿಲ್ಟರ್ ತೊಳೆದರು. ಎಲ್ಲ ಸರಿ ಇತ್ತು. ಬಿಸಿಲು ಬಂದ ಮೇಲೆ ಎಂಜಿನೂ ಒಳ್ಳೆಯ ಹುಡುಗನ ಹಾಗೆ ಓಡುತ್ತಿತ್ತು. ಆಮೇಲೆ ಒಂದು ಬೆಳಗ್ಗೆ ಸೆಬಾಸ್ಟ್ಯನ್ ಇಳಿಯುವುದಕ್ಕೆಂದು ಥ್ರಾಟಲ್ ತಗ್ಗಿಸಿ ಬರುತ್ತಿದ್ದಾರೆ. ಪದವು ಇನ್ನೂ ಮುಂದಿದೆ, ಸ್ವಲ್ಪ ಶಕ್ತಿ ಬೇಕು ಎಂದು ಥ್ರಾಟಲ್ ಒತ್ತಿದರೆ ಎಂಜಿನ್ ಎಚ್ಚರವೇ ಆಗಲಿಲ್ಲ! ಮೂತಿ ಎತ್ತಿದ್ದರೆ ಸ್ಟಾಲ್ ಆಗಿ ನೆಟ್ಟಗೆ ಬೀಳುತ್ತಿತ್ತು. ಅವರು ಮೂತಿ ತಗ್ಗಿಸಿ ಏರ್‌ಸ್ಪೀಡ್ ಉಳಿಸಿಕೊಂಡು ಪದವಿನ ಈಚೆಗಿನ ಗೇರು ಗಿಡಗಳ ಮೇಲೆ ಇಳಿಸಿದರು. ಚಕ್ರ ಮುರಿಯಿತು, ಅವರ ಎಡಗೈ ಮುರಿಯಿತು. ಜೀವ ಉಳಿಯಿತು.

ಸೆಬಾಸ್ಟ್ಯನ್ನರನ್ನು ಆಸ್ಪತ್ರೆಗೆ ಕಳುಹಿಸಿ ಹಕೀಮ್ ಕಾರ್ಬೊರೇಟರ್ ಬಿಚ್ಚುವಾಗ ಬಿಸಿಲು ಏರಿತ್ತು. ಗಂಟಲಿನಲ್ಲಿ ನೀರಿನ ಹನಿಗಳು.

ಜೀಪು ರಿಪೇರಿ ಮಾಡಿ ಕೈ ಪಳಗಿದವರಿಗೆ ಪವರ್ ಇಲ್ಲ ಎಂದರೆ ಮೊದಲು ಬರುವ ಸಂಶಯ ನೀರು. ಮಳೆ ಬೀಳುವ ಊರಲ್ಲಿ ಡೀಸೆಲಿಗೆ ನೀರು ಸೇರುವುದು ಅಷ್ಟು ಮಾಮೂಲು. ಕ್ಯಾನಿನ ಮುಚ್ಚಳದ ಮೂಲಕ ನೀರು ಹೋಗಲು ಸಾಧ್ಯವಿಲ್ಲ, ಅದು ತನ್ನ ಕೈಯಾರೆ ಮಾಡಿದ ವಾಷರ್. ತನ್ನ ಕೆಲಸದ ಮೇಲೆ ಹಕೀಮರಿಗೆ ಅಷ್ಟು ಭರವಸೆ. ಹಾಗಾದರೆ ಯಾರೋ ಹಾಕಿರಬೇಕು. ಕ್ಯಾನು ಮುಟ್ಟುವವರು ಒಬ್ಬರೇ. ಯೋಚನೆ ಹೀಗೆ ಒಂದರ ಹಿಂದೆ ಒಂದು ಸಾಲಾಗಿ ಬಂತು. ಎಲ್ಲವೂ ಸರಿಯಾಗಿಯೇ ಕಂಡಿತು.

ಸೀದಾ ಕಡಬಕ್ಕೆ ಹೋದರು. ಸ್ಟ್ಯಾಂಡಿನಲ್ಲಿ ಡೊಂಬಯ್ಯನ ಜೀಪಿಗೆ ಜನ ಹತ್ತುತ್ತಿದ್ದರು. ಅಷ್ಟೂ ಜನರ ಎದುರು, ಹೋಟೆಲಿನೊಳಗಿದ್ದವರೂ ಹೊರಗೆ ಬರುವಷ್ಟು ಜೋರಾಗಿ ಹಕೀಮ್ ಕೂಗಿದರು: “ಪೆಟ್ರೋಲಿಗೆ ನೀರು ಹಾಕಿದ್ದೀರಿ ನೀವು! ಒಬ್ಬ ಮನುಷ್ಯನ ಜೀವ ಹೋಗ್ತಿತ್ತು!”

ಡೊಂಬಯ್ಯ ಸ್ಟೇರಿಂಗಿನ ಮೇಲಿದ್ದ ಕೈ ತೆಗೆಯಲಿಲ್ಲ. “ನಾನು ಹಾಕ್ಲಿಲ್ಲ ಹಕೀಮ,” ಎಂದರು. ಜೀಪು ಹೊರಡಿಸಿದರು.

ಜನಕ್ಕೆ ಅಷ್ಟೇ ಸಾಕಾಯಿತು. ಆ ವಾರವೇ ಹೆಸರು ಬಿತ್ತು, ‘ನೀರು ಡೊಂಬಯ್ಯ’. ನಮ್ಮ ಊರುಗಳಲ್ಲಿ ಹೆಸರು ಬೀಳುವುದು ಸುಲಭ, ಬಿದ್ದ ಹೆಸರು ಎದ್ದು ಹೋಗುವುದಿಲ್ಲ. ಏರುದಾರಿಯ ಚಡಾವಿನಲ್ಲಿ ಜೀಪು ಸ್ವಲ್ಪ ಎಳೆದರೆ ಹಿಂದಿನ ಸೀಟಿನಿಂದ, “ಇವತ್ತು ಎಷ್ಟು ನೀರು ಹಾಕಿದ್ದೀರಿ?” ಎಂದು ಕೇಳುವವರು. ಮದುವೆ ಚೀಟಿ ಕೊಡಲು ಬಂದವರು ಮನೆ ಕೇಳುವಾಗ, “ನೀರು ಡೊಂಬಯ್ಯನ ಮನೆ ಯಾವುದು?” ತಮಾಷೆಗೇ ಹೇಳುವುದು, ಹೌದು. ಆ ತಮಾಷೆಯನ್ನು ದಿನಾ ಹೊತ್ತು ತಿರುಗಬೇಕಾದವರು ಒಬ್ಬರೇ. ಕೊನೆಗೆ ಜೀಪು ಮಾರಿ, ಹೆಂಡತಿ ಕುಮುದಿನಿಯ ಊರು ಬೆಳ್ಳಾರೆಗೆ ಹೋದರು. ಈಗ ಅಲ್ಲಿ ಒಂದು ಅಡಿಕೆ ಅಂಗಡಿಯಲ್ಲಿ ಗೋಣಿ ಬಾಯಿ ಹೊಲಿಯುತ್ತಾರೆ. ಸ್ಟೇರಿಂಗ್ ಮುಟ್ಟುವುದಿಲ್ಲ.

ಹಕೀಮರಿಗೆ ಆಗ ಬೇಸರವಿತ್ತು, ಪಶ್ಚಾತ್ತಾಪ ಇರಲಿಲ್ಲ. ತಪ್ಪು ಮಾಡಿದವರು ಅನುಭವಿಸಿದರು ಎಂದೇ ತಿಳಿದಿದ್ದರು. ಅದನ್ನು ತಿರುವುಮುರುವು ಮಾಡಿದ್ದು ಕಳೆದ ಚಳಿಗಾಲದ ಒಂದು ಬೆಳಗು.

ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದಿದ್ದು ಕೊನೆಗೂ ರಿಪೇರಿಯಾದ ವಿಮಾನವನ್ನು ಆಗಷ್ಟೇ ವಹಿಸಿಕೊಂಡಿದ್ದ ಅಕ್ಷಿತಾ ಎಂಜಿನ್ ನೋಡುತ್ತಾ, “ಕಾರ್ಬ್ ಹೀಟ್ ಎಲ್ಲಿ ಹಕೀಮಾಕ?” ಎಂದು ಕೇಳಿದರು. ಕಾರ್ಬೊರೇಟರಿಗೆ ಬಿಸಿಗಾಳಿ ಬಿಡುವ ಏರ್ಪಾಡು ಅದು. ಮಾರಿದವರು ‘ನಿಮ್ಮದು ಸೆಕೆಯ ಊರು, ಅದು ಬೇಡ’ ಎಂದು ಹಾಕಿಯೇ ಇರಲಿಲ್ಲ.

“ಅದು ಎಂತಕ್ಕೆ?”

“ಐಸು ಕಟ್ಟದ ಹಾಗೆ.”

ಹಕೀಮ್ ನಕ್ಕುಬಿಟ್ಟರು. “ಐಸಾ? ಕಡಬದಲ್ಲಾ? ಐಸು ಬೇಕಾದ್ರೆ ಮೀನು ಮಾರ್ಕೆಟಿಗೆ ಹೋಗ್ಬೇಕು ಅಕ್ಷಿತಮ್ಮ!”

ಅಕ್ಷಿತಾ ವಾದ ಮಾಡಲಿಲ್ಲ. ಅಂಗೈಗೆ ಸ್ಯಾನಿಟೈಸರ್ ಹಾಕಿಕೊಳ್ಳಲು ಹೇಳಿದರು. ಆರುವಾಗ ಕೈ ತಣ್ಣಗಾಗುತ್ತದಲ್ಲ, ಪೆಟ್ರೋಲೂ ಹಾಗೆಯೇ. ಗಾಳಿಯಲ್ಲಿ ಆವಿಯಾಗುವಾಗ ಗಂಟಲನ್ನು ತಣ್ಣಗೆ ಮಾಡುತ್ತದೆ. ಹೊರಗೆ ಚಳಿ ಇರಬೇಕೆಂದಿಲ್ಲ, ಗಾಳಿಯಲ್ಲಿ ಪಸೆ ಇದ್ದರೆ ಸಾಕು. ಥ್ರಾಟಲ್ ತಗ್ಗಿಸಿದಾಗ ದಾರಿ ಇನ್ನೂ ಕಿರಿದು, ಅಲ್ಲಿ ಐಸು ಕೂರುವುದು ಇನ್ನೂ ಬೇಗ. ಹೀಗೆಂದು ಚಕ್ರಕ್ಕೆ ಅಡ್ಡ ಮರದ ತುಂಡು ಇಟ್ಟು, ಮಂಜಿನಲ್ಲೇ ಎಂಜಿನ್ ಚಾಲೂ ಮಾಡಿ ತಗ್ಗಿಸಿ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಮುಳ್ಳು ಮೆಲ್ಲ ಇಳಿಯತೊಡಗಿತು. ಎಂಜಿನ್ ಕೆಮ್ಮಿತು. ಅದೇ ಕೆಮ್ಮು. ಅಕ್ಷಿತಾ ಬಂದ್ ಮಾಡಿ, “ಈಗಲೇ ಬಿಚ್ಚಿ, ತಡ ಮಾಡಬೇಡಿ,” ಎಂದರು.

ಗಂಟಲಿನ ಸುತ್ತ ಬೆಳ್ಳಗೆ ಕಟ್ಟಿತ್ತು. ಹಕೀಮ್ ಬೆರಳು ಇಟ್ಟರು, ತಣ್ಣಗೆ ಕೊರೆಯಿತು. ನೋಡುತ್ತಿದ್ದ ಹಾಗೆಯೇ ಎಂಜಿನಿನ ಕಾವಿಗೆ ಅದು ಕರಗಿ ನೀರಿನ ಹನಿಯಾಗಿ ನಿಂತಿತು.

“ಅದೇ ಹನಿ ಮಾರಾಯ್ರೆ. ಆವತ್ತು ಕಂಡದ್ದು ಅದೇ ಹನಿ,” ಎನ್ನುತ್ತಾರೆ ಹಕೀಮ್. “ಆವತ್ತೂ ನಾನು ಬೆಳಗ್ಗೆ ಬಾಟ್ಲಿ ನೋಡಿದ್ದೆ, ಗೊತ್ತುಂಟಾ? ಬಾಟ್ಲಿಯಲ್ಲಿ ನೀರು ಇರ್ಲಿಲ್ಲ. ಕಾರ್ಬೊರೇಟರಿನ ಕೆಳಗೆ ಪೆಟ್ರೋಲು ನಿಲ್ಲುವ ಬಟ್ಟಲಿನಲ್ಲೂ ಇರ್ಲಿಲ್ಲ. ಪೆಟ್ರೋಲಿನಲ್ಲಿ ಇದ್ದಿದ್ರೆ ಅಲ್ಲಿ ಇರ್ಬೇಕಿತ್ತಲ್ಲ? ಇಷ್ಟು ಸಣ್ಣ ಲೆಕ್ಕ ನನಗೆ ಹೊಳೀಲಿಲ್ಲ. ಹೊಳೆಯುವಷ್ಟು ಹೊತ್ತು ನಾನು ನಿಲ್ಲಲೇ ಇಲ್ಲ.”

ಆ ದಿನವೇ ಬೆಳ್ಳಾರೆಯ ಬಸ್ಸು ಹತ್ತಿದರು. ಕುಮುದಿನಿ ಬಾಗಿಲಲ್ಲಿ ಕಂಡು ಗುರುತು ಹಿಡಿದು ಕುರ್ಚಿ ಇಟ್ಟರು. ಹಕೀಮ್ ಕೂರಲಿಲ್ಲ. ನಿಂತುಕೊಂಡೇ ಐಸಿನ ಕಥೆ ಪೂರ್ತಿ ಹೇಳಿದರು. ಒಮ್ಮೆ ಪದವಿಗೆ ಬನ್ನಿ, ಕಣ್ಣಾರೆ ನೋಡಿ ಎಂದು ಕೈ ಹಿಡಿದರು.

ಡೊಂಬಯ್ಯ ಕೈ ಬಿಡಿಸಿಕೊಳ್ಳಲಿಲ್ಲ. “ನಾನು ಎಂತಕ್ಕೆ ನೋಡ್ಬೇಕು ಹಕೀಮ? ನೀರು ಹಾಕ್ಲಿಲ್ಲ ಅಂತ ನನಗೆ ಆವತ್ತೇ ಗೊತ್ತುಂಟಲ್ಲ. ಹೊಸದಾಗಿ ಗೊತ್ತಾದದ್ದು ನಿನಗೆ.” ಆಮೇಲೆ, “ಆವತ್ತು ನೀನು ಬಂದು, ‘ಡೊಂಬಯ್ಯಣ್ಣ, ನೀರು ಹೇಗೆ ಬಂತು?’ ಅಂತ ಕೇಳಿದ್ದಿದ್ರೆ ನಾವಿಬ್ರೂ ಸೇರಿ ಹುಡುಕ್ತಿದ್ದೆವು. ನೀನು ಕೇಳ್ಲಿಲ್ಲ. ಹೇಳಿದೆ,” ಎಂದರು. ಚಾ ಕುಡಿಸಿಯೇ ಕಳುಹಿಸಿದರು. ಬಸ್ಸಿನವರೆಗೂ ಜೊತೆಗೆ ಬಂದರು. ಪದವಿಗೆ ಮಾತ್ರ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ಹಕೀಮ್ ಕಡಬದ ಸ್ಟ್ಯಾಂಡಿಗೂ ಹೋದರು. ಆವತ್ತು ನಿಂತ ಜಾಗದಲ್ಲೇ ನಿಂತು ಹೇಳಿದರು, ಅದು ನೀರಲ್ಲ, ಎಂಜಿನಿನೊಳಗೆ ಐಸು ಕಟ್ಟಿದ್ದು, ಡೊಂಬಯ್ಯಣ್ಣನ ತಪ್ಪಿಲ್ಲ. ಜನ ಬಿದ್ದು ಬಿದ್ದು ನಕ್ಕರು. “ಓಡುವ ಎಂಜಿನಿನಲ್ಲಿ ಐಸಾ? ಹಕೀಮಾಕ, ನಿಮ್ಮ ವಿಮಾನದಲ್ಲಿ ಐಸ್‌ಕ್ರೀಮೂ ಸಿಗ್ತದಾ?” ಎಂಥ ಗ್ರಹಚಾರ ನೋಡಿ! ಸುಳ್ಳನ್ನು ಜೀಪು ಹತ್ತುವಷ್ಟು ಹೊತ್ತಿನಲ್ಲಿ ನಂಬಿದವರು, ನಿಜ ಹೇಳಿದರೆ ನಗುತ್ತಾರೆ. ತೋರಿಸೋಣವೆಂದರೆ ಅದು ಕೈಯಲ್ಲಿ ಹಿಡಿದು ಪೇಟೆಗೆ ತರುವ ವಸ್ತುವೂ ಅಲ್ಲ.

ಈಗ ಎಂಜಿನಿಗೆ ಬಿಸಿಗಾಳಿಯ ಏರ್ಪಾಡು ಕೂತಿದೆ. ಶೆಡ್ಡಿನ ಗೋಡೆಯಲ್ಲಿ ಎರಡು ಥರ್ಮಾಮೀಟರು ತೂಗುತ್ತವೆ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿದೆ. ಎರಡರ ಲೆಕ್ಕ ಹತ್ತಿರ ಹತ್ತಿರ ಬಂದರೆ ಗಾಳಿಯಲ್ಲಿ ಪಸೆ ಜಾಸ್ತಿ, ಐಸಿನ ಭಯ ಉಂಟು ಎಂದು ಅರ್ಥ. ಕಲಿಯಲು ಬಂದವರಿಗೆಲ್ಲ ಇದನ್ನು ಮೊದಲು ತೋರಿಸುವುದು ಹಕೀಮ್. “ಇಳಿಯುವಾಗ ಥ್ರಾಟಲ್ ತಗ್ಗಿಸುವ ಮೊದ್ಲು ಬಿಸಿಗಾಳಿಯ ಹಿಡಿ ಎಳೀಬೇಕು. ಮುಳ್ಳು ಇಳಿದ ಮೇಲಲ್ಲ, ಮೊದ್ಲೇ,” ಎಂದು ಒಬ್ಬೊಬ್ಬರಿಗೂ ಹೇಳಿ, ಅವರ ಬಾಯಲ್ಲಿ ಒಮ್ಮೆ ಹೇಳಿಸಿಯೇ ಬಿಡುತ್ತಾರೆ.

ಪದವಿನ ವಿಮಾನದ ಬಗ್ಗೆ ಬರೆಯಬೇಕೆಂದು ಹಿಂದೆಯೂ ಪತ್ರಿಕೆಯವರು ಬಂದದ್ದುಂಟು. ಹಕೀಮ್ ಯಾರಿಗೂ ಮುಖ ಕೊಟ್ಟಿರಲಿಲ್ಲ. ಈ ಸಲ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಮಂಜು ಕರಗಿ ಎದುರು ಗುಡ್ಡೆಯ ಟವರು ಕಾಣತೊಡಗಿದೆ. ಅಕ್ಷಿತಾ ಬರುವ ಹೊತ್ತು. ಹಕೀಮ್ ಎದ್ದು ಲುಂಗಿ ಕೊಡವಿ, ಷರತ್ತು ಹೇಳುತ್ತಾರೆ.

“ನನ್ನ ಫೋಟೋ ಬೇಡ, ನನ್ನ ಹೊಗಳಿಕೆಯೂ ಬೇಡ. ಆದಿತ್ಯವಾರದ ಪೇಪರು ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರೂ ಓದ್ತಾರೆ. ನನ್ನ ಬಾಯಿಯನ್ನು ನಂಬುದಿಲ್ಲ, ಅಚ್ಚಾದದ್ದನ್ನು ನಂಬಿಯಾರು. ಒಂದು ಸಾಲು ಹಾಕ್ಬೇಕು. ಹೆಸರಿನ ಮೊದ್ಲು ಬೇರೆ ಎಂತದೂ ಸೇರಿಸ್ಬೇಡಿ. ಬರೀ ಡೊಂಬಯ್ಯ ಅಂತ ಬರೀರಿ.”

ಆ ಸಾಲು ಅವರೇ ಹೇಳಿದ ಹಾಗೆ, ಒಂದಕ್ಷರ ಬದಲಿಸದೆ ಇಲ್ಲಿದೆ: ಡೊಂಬಯ್ಯ ತಂದ ಪೆಟ್ರೋಲಿನಲ್ಲಿ ನೀರು ಇರಲಿಲ್ಲ.